ರಕ್ತದಾನಿಗಳೂ ಹೆಪಟೈಟಿಸ್ ‘ಬಿ’ ಕಾಮಾಲೆಯೂ

ನಮ್ಮ ಅನೇಕ ಹಾಲು ಉತ್ಪಾದಕರ ಸಂಘಗಳ ಆವರಣದಲ್ಲಿ ರಕ್ತದಾನ ಶಿಬಿರಗಳು ನಡೆಯುತ್ತವೆ. ಯುವಕರು ಹುಮ್ಮಸ್ಸಿನಿಂದ ಮುಂದೆ ಬರುತ್ತಾರೆ, ಸಂತೋಷದ ವಿಷಯ. ಆದರೆ ಶಿಬಿರ ಮುಗಿದ ಮೇಲೆ ಒಬ್ಬಿಬ್ಬರಿಗೆ ರಕ್ತನಿಧಿಯಿಂದ “ಬಂದು ಕಾಣಿರಿ” ಎಂಬ ಕರೆ ಬರುವುದುಂಟು. ಕೆಲವರು ಹೆದರಿ ಹೋಗುವುದೇ ಇಲ್ಲ. “ನನಗೆ ಕಾಮಾಲೆಯೇ ಆಗಿಲ್ಲವಲ್ಲ” ಎನ್ನುತ್ತಾರೆ.

ಹೆಪಟೈಟಿಸ್ ‘ಬಿ’ ಎಂಬುದು ಪಿತ್ತಜನಕಾಂಗಕ್ಕೆ ತಗಲುವ ವೈರಸ್ ರೋಗ. ಕೊಳಕು ನೀರಿನಿಂದ ಬರುವ ಕಾಮಾಲೆಯೇ ಬೇರೆ, ಇದೇ ಬೇರೆ. ಇದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ದನಗಳಿಂದಾಗಲಿ, ಹಾಲಿನಿಂದಾಗಲಿ, ಒಟ್ಟಿಗೆ ಕುಳಿತು ಉಂಡರಾಗಲಿ ಬರುವುದಿಲ್ಲ. ದೊಡ್ಡವರಿಗೆ ತಗುಲಿದರೆ ಬಹುಪಾಲು ಜನ ತಾವಾಗಿಯೇ ಗುಣಹೊಂದುತ್ತಾರೆ. ಹುಟ್ಟುವಾಗಲೇ ಸೋಂಕು ತಗುಲಿದ ನೂರು ಮಕ್ಕಳಲ್ಲಿ ಸುಮಾರು 90 ಮಕ್ಕಳ ದೇಹದಲ್ಲಿ ಮಾತ್ರ ವೈರಸ್ ನೆಲೆಯೂರಿಬಿಡುತ್ತದೆ. ಇಂಥವರು ವರ್ಷಗಟ್ಟಲೆ ಹೊಲ, ಕೊಟ್ಟಿಗೆ ಎಂದು ಗಟ್ಟಿಮುಟ್ಟಾಗಿ ದುಡಿಯುತ್ತಿರುತ್ತಾರೆ, ಕಣ್ಣು ಹಳದಿಯಾಗಿರುವುದಿಲ್ಲ. ರಕ್ತ ಕೊಟ್ಟಾಗಲೇ ವಿಷಯ ತಿಳಿಯುವುದು.

1965ರಲ್ಲಿ ಬ್ಲಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿದ್ದ ಹೊಸ ವಸ್ತುವೊಂದರ ಬಗ್ಗೆ ವರದಿ ಮಾಡಿದರು. ಅದು ಈ ವೈರಸ್ಸಿನ ಹೊರಕವಚದ ಅಂಶವೆಂದು ಆಮೇಲೆ ತಿಳಿಯಿತು. ದಾನಿಯ ರಕ್ತದಲ್ಲಿ ಇಂದಿಗೂ ಹುಡುಕುವುದು ಅದನ್ನೇ. ನಮ್ಮ ದೇಶದಲ್ಲಿ ಪ್ರತಿಯೊಂದು ಚೀಲ ರಕ್ತಕ್ಕೂ ಹೆಪಟೈಟಿಸ್ ಬಿ ಮತ್ತು ಸಿ, ಎಚ್.ಐ.ವಿ., ಸಿಫಿಲಿಸ್, ಮಲೇರಿಯ ಪರೀಕ್ಷೆ ಕಡ್ಡಾಯ. ಹಣಕ್ಕಾಗಿ ರಕ್ತ ಮಾರುವುದು 1998ರ ಜನವರಿ 1ರಿಂದ ನಿಷಿದ್ಧ.

ಪರೀಕ್ಷೆ ಇದೆಯಲ್ಲ, ಇನ್ನೇನು ಎನ್ನಬೇಡಿ. ಕೆಚ್ಚಲು ಬಾವಿಗೆ ಔಷಧಿ ಹಾಕಿಸಿದ ಹಸುವಿನ ಹಾಲನ್ನು ಕ್ಯಾನಿಗೆ ಸುರಿದರೆ ಲ್ಯಾಕ್ಟೋಮೀಟರಿಗೆ ಗೊತ್ತಾಗುತ್ತದೆಯೆ? ಜಿಡ್ಡು, ಡಿಗ್ರಿ ಎಲ್ಲ ಸರಿಯಾಗಿಯೇ ಇರುತ್ತದೆ. ಔಷಧಿ ಹಾಕಿಸಿದ್ದು ಗೊತ್ತಿರುವುದು ಹಸುವಿನ ಯಜಮಾನನಿಗೆ ಮಾತ್ರ. ರಕ್ತದ ವಿಷಯವೂ ಹಾಗೆಯೇ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಗೆ ಸಿಗದೆ ಹೋಗಬಹುದು. ಆ ಒಂದು ಚೀಲವನ್ನು ಬೇರ್ಪಡಿಸಿ ಮೂವರು ರೋಗಿಗಳಿಗೆ ಕೊಡುವುದೂ ಉಂಟು. ಆದ್ದರಿಂದ ಶಿಬಿರದ ಪ್ರಶ್ನಾವಳಿಗೆ ನಿಜವನ್ನೇ ಬರೆಯಬೇಕು: ಹಿಂದೆ ಕಾಮಾಲೆ ಆಗಿತ್ತೆ, ಇತ್ತೀಚೆಗೆ ಹಚ್ಚೆ ಹಾಕಿಸಿದಿರಾ, ಶಸ್ತ್ರಚಿಕಿತ್ಸೆ ಆಯಿತೆ, ಮನೆಯಲ್ಲಿ ಯಾರಿಗಾದರೂ ಈ ರೋಗವಿದೆಯೆ. ಪುಕ್ಕಟೆ ಪರೀಕ್ಷೆ ಆಗುತ್ತದೆಂದು ರಕ್ತ ಕೊಡಲು ಹೋಗುವುದಂತೂ ಸಲ್ಲದು. ಅನುಮಾನವಿದ್ದವರು ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿಸಿಕೊಳ್ಳಲಿ.

ಇನ್ನು ಸೂಜಿಯ ಮಾತು. 2009ರಲ್ಲಿ ಗುಜರಾತಿನ ಸಾಬರಕಾಂಠಾ ಜಿಲ್ಲೆಯ ಮೋಡಾಸಾ ಸುತ್ತಮುತ್ತ ಹೆಪಟೈಟಿಸ್ ‘ಬಿ’ ಹಬ್ಬಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜು, ಸೂಜಿಗಳನ್ನೇ ಮತ್ತೆ ಬಳಸಿದ್ದು ಕಾರಣ. ಅದೂ ನಮ್ಮಂತೆಯೇ ಹೈನುಗಾರಿಕೆಯ ಜಿಲ್ಲೆ. ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನ ಜೀವಂತವಿರಬಲ್ಲದು. ಇಂಜೆಕ್ಷನ್ ಕೊಡುವವರು ಯಾರೇ ಇರಲಿ, ಹೊಸ ಸೂಜಿಯ ಪೊಟ್ಟಣ ನಿಮ್ಮೆದುರಿಗೇ ಒಡೆಯಲು ಹೇಳಿ. ಸಂಕೋಚ ಬೇಡ.

ರಕ್ತನಿಧಿಯಿಂದ ಕರೆ ಬಂದವರು ತಪ್ಪದೆ ಹೋಗಬೇಕು. ಸೋಂಕಿದೆ ಎಂದು ಖಚಿತವಾದರೆ ಮುಂದೆ ರಕ್ತ ಕೊಡುವಂತಿಲ್ಲ, ಅಷ್ಟೆ. ಹಾಲು ಕರೆಯಲು, ಸಂಘಕ್ಕೆ ಹಾಕಲು ಯಾವ ಅಡ್ಡಿಯೂ ಇಲ್ಲ. ಎಲ್ಲರಿಗೂ ಔಷಧಿ ಬೇಕಾಗುವುದಿಲ್ಲ. ಬೇಕಾದವರಿಗೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಉಚಿತ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ನಾಟಿ ಔಷಧಿಯೆಂದು ತಿಂಗಳುಗಟ್ಟಲೆ ಕಾಲ ಕಳೆಯಬೇಡಿ. ಹೆಂಡತಿ, ಮಕ್ಕಳಿಗೂ ಪರೀಕ್ಷೆ ಮಾಡಿಸಿ, ಸೋಂಕಿಲ್ಲದವರಿಗೆ ಲಸಿಕೆ ಹಾಕಿಸಬೇಕು. ದೊಡ್ಡವರಿಗೆ ಮೂರು ಸಲ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೇ ಮೊದಲ ಲಸಿಕೆ ಬೀಳಬೇಕು.