ವಯಸ್ಸಾಯ್ತು ಅಂತ ಬಿಟ್ಟುಬಿಡಬೇಡ

ಪ್ರೀತಿಯ ಮಗೂ,

ಅಪ್ಪ ಈಚೆಗೆ ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ, ಮರೆಯುತ್ತಾರೆ, ಸುಮ್ಮಸುಮ್ಮನೆ ಸಿಡುಕುತ್ತಾರೆ ಎಂದು ನೀನು ಫೋನಿನಲ್ಲಿ ಹೇಳಿದೆ. ಕೊನೆಗೆ ‘ಅರವತ್ತಕ್ಕೆ ಅರಳು ಮರಳು ಅಲ್ವಾ ದೊಡ್ಡಪ್ಪ’ ಎಂದು ನೀನೇ ತೀರ್ಮಾನ ಮಾಡಿಬಿಟ್ಟೆ. ಆ ಗಾದೆಯನ್ನು ನಂಬಿ ವಾಸಿಯಾಗಬಹುದಾದ ಎಷ್ಟೋ ಕಾಯಿಲೆಗಳನ್ನು ನಮ್ಮ ಮನೆಗಳು ಹಾಗೇ ಬಿಟ್ಟಿವೆ. ನಿನ್ನ ಓರಗೆಯವರೂ ಓದಲಿ ಎಂದು ಈ ಕಾಗದವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಮೊದಲು ಕಿವಿಯ ವಿಷಯ. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಶಬ್ದಗಳು. ನಿನ್ನ ದನಿ ನಿಮ್ಮಪ್ಪನಿಗೆ ಕೇಳಿಸುತ್ತದೆ, ಆದರೆ ಮಾತಿನೊಳಗಿನ ‘ಸ’, ‘ಶ’ ಜಾರಿಹೋಗುತ್ತವೆ. ಊಟಕ್ಕೆ ಕೂತಾಗ ‘ಸಾರು ಸಾಕಾ’ ಎಂದರೆ ‘ಯಾರು ಬಾಕಿ’ ಎಂಬಂತೆ ಕೇಳಿಸಿ, ‘ಎಲ್ಲರದೂ ಆಯ್ತು’ ಎನ್ನುತ್ತಾನೆ. ಮಕ್ಕಳು ನಗುತ್ತಾರೆ. ಮಾರನೆಯ ದಿನದಿಂದ ಅವನು ಮಾತು ಕಡಿಮೆ ಮಾಡುತ್ತಾನೆ. ಹಿಂದಿನಿಂದ ಕೂಗಿ ಪ್ರಯೋಜನವಿಲ್ಲ, ಕೂಗಿದರೆ ಬೈದಂತಾಗುತ್ತದೆ ಅಷ್ಟೆ. ಟಿವಿ ಆರಿಸಿ, ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಹೇಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದಲೂ ಮಾತು ಮತ್ತು ಕಿವಿಯ ತೊಂದರೆಗಳಿಗೆಂದೇ ಇದೆ. ಕನ್ನಡಕಕ್ಕೆ ನಾಚದವರು ಕಿವಿಯ ಯಂತ್ರಕ್ಕೆ ಯಾಕೆ ನಾಚಬೇಕೋ! ಕಿವಿ ಕೇಳದಿರುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಮರೆಗುಳಿ ಕಾಯಿಲೆ (ಡಿಮೆನ್ಷಿಯಾ) ಬರುವ ಅಪಾಯವನ್ನು ಹೆಚ್ಚಿಸುವ 14 ಅಂಶಗಳನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಶ್ರವಣದೋಷವಿದೆ, ಜನರ ಒಡನಾಟ ತಪ್ಪುವುದೂ ಇದೆ.

ಇನ್ನು ಮರೆವು. ಹೆಸರು ನಾಲಿಗೆ ತುದಿಯಲ್ಲೇ ನಿಂತು ಆಮೇಲೆ ಹೊಳೆದರೆ ಅದು ವಯಸ್ಸು. ದಿನಾ ಹೋಗುವ ಅಂಗಡಿಯಿಂದ ಮನೆಗೆ ಬರಲು ದಾರಿ ತಿಳಿಯದಿದ್ದರೆ, ಚಿಲ್ಲರೆ ಲೆಕ್ಕ ಹತ್ತದಿದ್ದರೆ ಅದು ವಯಸ್ಸಲ್ಲ, ವೈದ್ಯರ ಹತ್ತಿರ ಹೋಗಬೇಕು. ಎಲ್ಲವೂ ವಾಸಿಯಾಗದ ಮರೆವೇ ಎಂದೂ ತಿಳಿಯಬೇಡ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳು ಕೂಡ ಮನಸ್ಸನ್ನು ಮಬ್ಬು ಮಾಡುತ್ತವೆ. ಒಂದೆರಡು ದಿನದಲ್ಲೇ ಏನೇನೋ ಮಾತಾಡತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ.

ಇಷ್ಟೆಲ್ಲ ದೇಹದ ಮಾತು. ನನ್ನ ವಯಸ್ಸಿನವರನ್ನು ಹೆಚ್ಚು ಕುಗ್ಗಿಸುವುದು ಬೇರೆಯೇ ಇದೆ. ಆಸ್ಪತ್ರೆಯಲ್ಲಿ ನೋಡಿದ್ದೀಯಲ್ಲ: ಕಾಯಿಲೆ ಅಪ್ಪನದು, ‘ಎಷ್ಟು ದಿನದಿಂದ ಹೀಗೆ?’ ಎಂದು ಕೇಳುವುದು ಮಗನನ್ನು. ಮನೆಗೆ ಬಣ್ಣ ಹೊಡೆಸುವುದರಿಂದ ಹಿಡಿದು ಮೊಮ್ಮಗಳ ಮದುವೆಯವರೆಗೆ ಎಲ್ಲಕ್ಕೂ ‘ನೀವು ಸುಮ್ನೆ ಕೂತ್ಕೊಳ್ಳಿ’. ಪಾಸ್‌ಬುಕ್ ಕೂಡ ನಿಧಾನವಾಗಿ ಕೈತಪ್ಪುತ್ತದೆ. ಇದನ್ನು ಪ್ರೀತಿಯಿಂದಲೇ ಮಾಡುತ್ತೀರಿ, ನನಗೆ ಗೊತ್ತು. ಆದರೂ ಅವನ ದುಡ್ಡು, ಅವನ ಮಾತ್ರೆ, ಅವನ ತೀರ್ಮಾನ ಆದಷ್ಟು ದಿನ ಅವನ ಕೈಯಲ್ಲೇ ಇರಲಿ.

ಪ್ರೀತಿಯೇ ಇಲ್ಲದ ಮನೆಗಳ ಹಿರಿಯರಿಗೆ ಕಾನೂನೂ ಇದೆ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ವಾಪಸು ಪಡೆಯಬಹುದು. ತೊಂದರೆಯಲ್ಲಿರುವ ಹಿರಿಯರಿಗೆ 14567 ಸಹಾಯವಾಣಿಯಿದೆ. ನಮ್ಮ ಮನೆಗೆ ಅದು ಬೇಕಾಗದು, ಆದರೆ ನಿಮ್ಮ ಬೀದಿಯಲ್ಲಿ ಯಾರಿಗಾದರೂ ಬೇಕಾಗಬಹುದು, ಹೇಳು.

ಈ ವಾರವೇ ನಿಮ್ಮಪ್ಪನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗು, ರಕ್ತ ಪರೀಕ್ಷೆಯೂ ಆಗಲಿ. ಡಾಕ್ಟರು ನಿನ್ನನ್ನು ಕೇಳಿದರೆ, ‘ಅಪ್ಪನನ್ನೇ ಕೇಳಿ’ ಅನ್ನು.

ಇತಿ,
ನಿನ್ನ ದೊಡ್ಡಪ್ಪ