ದೊಡ್ಡ ತಂಡವನ್ನು ಬಿಟ್ಟು ಬಂದವರು



ನಿಮ್ಮ ಮಗ ಒಂದು ಸಂಜೆ ಮನೆಗೆ ಬಂದು, "ಅಪ್ಪಾ, ಆ ದೊಡ್ಡ ಕಂಪನಿಯ ಕೆಲಸ ಬಿಡುತ್ತೇನೆ" ಎಂದರೆ ನಿಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? "ನಿನಗೇನು ಹುಚ್ಚೇ? ಅಂಥ ಕೆಲಸಕ್ಕೆ ಎಷ್ಟು ಜನ ಕಾದು ಕುಳಿತಿದ್ದಾರೆ ಗೊತ್ತೇ?" ಎಂದೇ ಅಲ್ಲವೇ? ಆಮೇಲೆ ನೆಂಟರಿಗೆ ಏನು ಹೇಳುವುದೆಂಬ ಚಿಂತೆ. ಅವನು ಏಕೆ ಬಿಡುತ್ತಿದ್ದಾನೆಂದು ಸಮಾಧಾನದಿಂದ ಕೇಳುವ ಸರದಿ ಬರುವುದು ಕೊನೆಗೆ. ಕೆಲವು ಮನೆಗಳಲ್ಲಿ ಅದು ಬರುವುದೇ ಇಲ್ಲ.

ಈ ವಾರ ಒಬ್ಬ ಕಾಲ್ಚೆಂಡು ಆಟಗಾರರ ಬಾಳನ್ನು ನೋಡೋಣ. ಅವರು ಎರಡು ಸಲ ಬಿಟ್ಟುಬಂದರು. ಎರಡು ಸಲವೂ ಕಾರಣ ಬೇರೆ.

ಮೊದಲ ಸಲ

ಫಿಲಿಪ್ ಮಲ್ರೈನ್ ಹುಟ್ಟಿದ್ದು 1978ರಲ್ಲಿ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಒಂದು ಕಥೋಲಿಕ ಕುಟುಂಬದಲ್ಲಿ. ಹುಡುಗನಾಗಿದ್ದಾಗಲೇ ಅವರ ಪ್ರತಿಭೆಯನ್ನು ಗುರುತಿಸಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ತನ್ನಲ್ಲಿ ಸೇರಿಸಿಕೊಂಡಿತು. ಆ ಕೆಂಪು ಅಂಗಿಯನ್ನು ತೊಡುವುದು ಜಗತ್ತಿನ ಲಕ್ಷಾಂತರ ಹುಡುಗರ ಕನಸು.

ಆದರೆ ಅಂಗಿ ಸಿಕ್ಕಿತೆಂದ ಮಾತ್ರಕ್ಕೆ ಆಟ ಸಿಗುವುದಿಲ್ಲ. ಅವರು ಆಡುತ್ತಿದ್ದ ನಡುಸಾಲಿನಲ್ಲಿಯೇ ಆಗ ಬೆಕಮ್, ಸ್ಕೋಲ್ಸ್, ಕೀನ್, ಗಿಗ್ಸ್ ಇದ್ದರು. ಮಲ್ರೈನ್ ಅವರಿಗೆ ಮೊದಲ ತಂಡದಲ್ಲಿ ಸಿಕ್ಕ ಪಂದ್ಯಗಳನ್ನು ಒಂದೇ ಕೈಬೆರಳಲ್ಲಿ ಎಣಿಸಬಹುದು. 1999ರ ಮಾರ್ಚ್ ತಿಂಗಳಲ್ಲಿ ಅವರು 5 ಲಕ್ಷ ಪೌಂಡ್ ಮೊತ್ತಕ್ಕೆ ನಾರ್ವಿಚ್ ಸಿಟಿ ತಂಡಕ್ಕೆ ಹೋದರು. ಅದು ಕೆಳಗಿನ ದರ್ಜೆಯಲ್ಲಿ ಆಡುತ್ತಿದ್ದ ತಂಡ. ಇನ್ನೆರಡೇ ತಿಂಗಳಲ್ಲಿ, ಅದೇ ಮೇ ತಿಂಗಳಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ಒಂದೇ ಋತುವಿನಲ್ಲಿ ಮೂರು ದೊಡ್ಡ ಕಪ್‌ಗಳನ್ನು ಗೆದ್ದು ಇತಿಹಾಸ ನಿರ್ಮಿಸಿತು.

"ಇನ್ನೆರಡು ತಿಂಗಳು ತಾಳಬಾರದಿತ್ತೇ?" ಎಂದು ನಾವು ಕೇಳುತ್ತೇವೆ. ತಾಳಿದ್ದರೆ ಆ ಸಂಭ್ರಮದಲ್ಲಿ ಅವರೂ ಇರುತ್ತಿದ್ದರು, ಆದರೆ ಬದಿಯ ಬೆಂಚಿನ ಆಚೆ. ನಾರ್ವಿಚ್‌ನಲ್ಲಿ ಅವರು 150ಕ್ಕೂ ಹೆಚ್ಚು ಲೀಗ್ ಪಂದ್ಯಗಳನ್ನು ಆಡಿದರು. ಅಲ್ಲಿ ಸೋಲೂ ಇತ್ತು. 2002ರಲ್ಲಿ ಮೇಲಿನ ದರ್ಜೆಗೆ ಏರುವ ನಿರ್ಣಾಯಕ ಪಂದ್ಯದಲ್ಲಿ ಅವರು ಹೊಡೆದ ಪೆನಾಲ್ಟಿ ಗೋಲಾಗಲಿಲ್ಲ, ತಂಡ ಸೋತಿತು. ಎರಡು ವರ್ಷಗಳ ನಂತರ, 2004ರಲ್ಲಿ, ಅದೇ ತಂಡ ತನ್ನ ದರ್ಜೆಯಲ್ಲಿ ಮೊದಲ ಸ್ಥಾನ ಪಡೆದು ಮೇಲೇರಿತು. ತಮ್ಮ ದೇಶಕ್ಕಾಗಿ ಅವರು 27 ಪಂದ್ಯಗಳನ್ನು ಆಡಿದರು.

ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯವನ್ನು ಇಲ್ಲಿ ನೆನೆಯಿರಿ. ತಲೆಂತನ್ನು ನೆಲದಲ್ಲಿ ಹೂತಿಟ್ಟ ಸೇವಕ ಕಳ್ಳನಾಗಿರಲಿಲ್ಲ. ಧಣಿಯ ಹಣವನ್ನು ಕುಡಿದು ಹಾಳುಮಾಡಲೂ ಇಲ್ಲ. ಭದ್ರವಾಗಿ ಇಟ್ಟ, ಅಷ್ಟೇ. ಅದೇ ಅವನ ತಪ್ಪು. ದೊಡ್ಡ ಹೆಸರಿನ ನೆರಳಿನಲ್ಲಿ ವರಗಳನ್ನು ಹೂತಿಟ್ಟುಕೊಂಡು, "ನಾನು ಎಲ್ಲಿದ್ದೇನೆ ನೋಡಿ" ಎಂದು ಬೀಗುವವರು ನಮ್ಮಲ್ಲಿ ಎಷ್ಟು ಮಂದಿ! ದೇವರು ಕೇಳುವ ಲೆಕ್ಕ ಅಂಗಿಯದ್ದಲ್ಲ, ಆಟದ್ದು.

ಎರಡನೆಯ ಸಲ

ಮೂವತ್ತರ ವಯಸ್ಸಿಗೆ ಅವರ ಆಟದ ದಿನಗಳು ಮುಗಿಯುತ್ತ ಬಂದವು. ಹಣ, ಹೆಸರು, ಸುಖ ಎಲ್ಲವನ್ನೂ ಕಂಡಿದ್ದರೂ ಮನಸ್ಸು ತುಂಬಿರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಬೆಲ್‌ಫಾಸ್ಟಿಗೆ ಮರಳಿದವರು ಬಾಲ್ಯದ ವಿಶ್ವಾಸಕ್ಕೂ ಮರಳಿದರು. ಬಲಿಪೂಜೆಗೆ ಹೋಗತೊಡಗಿದರು. ಮನೆಯಿಲ್ಲದ ಬಡವರ ಸೇವೆಯಲ್ಲಿ ತೊಡಗಿದರು. 2009ರಲ್ಲಿ ಗುರುಮಠ ಸೇರಿ, ರೋಮಿನಲ್ಲಿಯೂ ಅಭ್ಯಾಸ ಮಾಡಿ, ಬಳಿಕ ದೊಮಿನಿಕ್ ಸಭೆಯನ್ನು ಪ್ರವೇಶಿಸಿದರು. 2017ರ ಜುಲೈ 8ರಂದು ಡಬ್ಲಿನ್ ನಗರದಲ್ಲಿ ಮಹಾಧರ್ಮಾಧ್ಯಕ್ಷ ಡಿ ನೋಯಾ ಅವರಿಂದ ಗುರುದೀಕ್ಷೆ ಪಡೆದರು. ಕೈತುಂಬ ಸಂಬಳ ಎಣಿಸಿದ್ದವರು ಬಡತನದ ವ್ರತ ತೊಟ್ಟರು.

"ಆಟ ಮುಗಿದ ಮೇಲೆ ತಾನೇ?" ಎಂದು ಯಾರಾದರೂ ನಗಬಹುದು. ಅವರಿಗಾಗಿ ಇನ್ನೊಂದು ಉದಾಹರಣೆ. ಅಮೆರಿಕದ ಚೇಸ್ ಹಿಲ್ಗೆನ್‌ಬ್ರಿಂಕ್ 2008ರ ಜುಲೈಯಲ್ಲಿ, 26ರ ಪ್ರಾಯದಲ್ಲಿ, ಋತುವಿನ ನಡುವೆಯೇ ನ್ಯೂ ಇಂಗ್ಲೆಂಡ್ ರೆವಲ್ಯೂಷನ್ ತಂಡವನ್ನು ಬಿಟ್ಟು ಗುರುಮಠ ಸೇರಿದರು. ಕಾಲಲ್ಲಿ ಕಸುವಿದ್ದಾಗಲೇ ಬಿಟ್ಟರು. 2014ರಲ್ಲಿ ಗುರುವಾದರು. ಬೆಳಿಗ್ಗೆ ಕರೆದವನಿಗೂ ಸಂಜೆ ಕರೆದವನಿಗೂ ದ್ರಾಕ್ಷಿತೋಟದ ಯಜಮಾನನು ಒಬ್ಬನೇ.

ಎಲ್ಲ ಬಿಡುವಿಕೆಯೂ ಒಳ್ಳೆಯದೇ?

ಅಲ್ಲ. ಬಿಟ್ಟುಹೋಗುವುದೇ ಒಂದು ಪುಣ್ಯವಲ್ಲ. ಅಬ್ರಹಾಮನು ತನ್ನ ನಾಡನ್ನು ಬಿಟ್ಟನು. ಯೋನನೂ ಹಡಗು ಹತ್ತಿ ಹೊರಟನು. ಒಬ್ಬನು ದೇವರ ಮಾತು ಕೇಳಿ ಹೊರಟ, ಇನ್ನೊಬ್ಬನು ದೇವರ ಮಾತಿನಿಂದ ತಪ್ಪಿಸಿಕೊಳ್ಳಲು ಹೊರಟ. ದುಂದುಗಾರ ಮಗನೂ ಮನೆ ಬಿಟ್ಟವನೇ. ಹೊರಗಿನಿಂದ ನೋಡಿದರೆ ಎಲ್ಲರೂ ಗಂಟು ಕಟ್ಟಿಕೊಂಡು ಹೊರಟವರೇ.

ಹಾಗಾದರೆ ಗುರುತಿಸುವುದು ಹೇಗೆ? ಲೊಯೋಲದ ಸಂತ ಇಗ್ನಾಸಿಯವರು ತಮ್ಮ 'ಆಧ್ಯಾತ್ಮಿಕ ಸಾಧನೆ'ಗಳಲ್ಲಿ ಒಂದು ಬುದ್ಧಿವಾದ ಕೊಟ್ಟಿದ್ದಾರೆ: ಮನಸ್ಸು ಕತ್ತಲೆಯಲ್ಲಿ, ಬೇಸರದಲ್ಲಿ ಮುಳುಗಿರುವಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಮೇಲಧಿಕಾರಿ ಬೈದ ದಿನ ರಾಜೀನಾಮೆ ಬರೆಯಬೇಡಿ. ಸಮಾಧಾನ ಮರಳಿದ ಮೇಲೂ ಅದೇ ಕರೆ ಕೇಳಿಸುತ್ತಿದ್ದರೆ, ಆಗ ಕಿವಿಗೊಡಿ. ಮಲ್ರೈನ್ ಅವರು ಗುರುಮಠ ಸೇರಿದ್ದಕ್ಕೂ ಗುರುದೀಕ್ಷೆಗೂ ನಡುವೆ ಎಂಟು ವರ್ಷಗಳಿವೆ. ನಿಜವಾದ ಕರೆ ಪರೀಕ್ಷೆಗೆ ಹೆದರುವುದಿಲ್ಲ.

ಇನ್ನೊಂದು ಮಾತು, ತಂದೆತಾಯಿಗಳಿಗೆ. ಸಂತ ಮಾರ್ಕರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಸಿರಿವಂತನು ದುಃಖದಿಂದ ಹಿಂದಿರುಗಿದನು. ಯೇಸುಸ್ವಾಮಿ ಅವನನ್ನು ಪ್ರೀತಿಯಿಂದ ನೋಡಿಯೇ ಕರೆದಿದ್ದರು. ಅವನ ಮನೆಯಲ್ಲಿ ಯಾರಿದ್ದರೋ ಬರೆದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಮಕ್ಕಳು ಬಿಡಲಾರದೆ ಕುಗ್ಗುವುದು ಅನೇಕ ಸಲ ತಮ್ಮ ಆಸ್ತಿಗಾಗಿ ಅಲ್ಲ, ನಮ್ಮ ಪ್ರತಿಷ್ಠೆಗಾಗಿ. ಮಗನ ದೊಡ್ಡ ಅಂಗಿಯನ್ನು ನಿಜವಾಗಿ ತೊಟ್ಟವರು ನಾವೇ ಆಗಿರುತ್ತೇವೆ. ಅದನ್ನು ಅವನು ಕಳಚಿದರೆ ಚಳಿಯಾಗುವುದು ನಮಗೆ.

ಈ ವಾರ ಮನೆಯಲ್ಲಿ

ಒಂದು ಸಂಜೆ ಜಪಸರದ ನಂತರ ಎಲ್ಲರೂ ಕುಳಿತು ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ:

1. ದೇವರು ನನಗೆ ಕೊಟ್ಟ ಯಾವ ವರ ಇಂದು ಬೆಂಚಿನ ಮೇಲೆ ಕುಳಿತಿದೆ?

2. ನಾನು ಬಿಡಬೇಕೆಂದಿರುವುದನ್ನು ಏಕೆ ಬಿಡುತ್ತಿದ್ದೇನೆ? ಅಬ್ರಹಾಮನಂತೆಯೋ, ಯೋನನಂತೆಯೋ?

3. ಮಕ್ಕಳ ಆಯ್ಕೆಗೆ ನಾವು ಬೇಡವೆಂದದ್ದು ಅವರ ಹಿತಕ್ಕಾಗಿಯೋ, ನಮ್ಮ ಮರ್ಯಾದೆಗಾಗಿಯೋ?

ಉತ್ತರ ಹೇಳುವಾಗ ಮಕ್ಕಳು ಮೊದಲು ಮಾತಾಡಲಿ. ಹಿರಿಯರು ನಡುವೆ ಬಾಯಿ ಹಾಕದಿರಲಿ.

ಪ್ರಾರ್ಥನೆ: ಪ್ರಭುವೇ, ಇರಬೇಕಾದ ಕಡೆ ಇರುವ ತಾಳ್ಮೆಯನ್ನೂ, ಹೊರಡಬೇಕಾದಾಗ ಹೊರಡುವ ಧೈರ್ಯವನ್ನೂ ನಮಗೆ ದಯಪಾಲಿಸಿರಿ. ನಮ್ಮ ಮಕ್ಕಳನ್ನು ನೀವು ಕರೆಯುವಾಗ ಬಾಗಿಲಿಗೆ ಅಡ್ಡ ನಿಲ್ಲದಂತೆ ನಮ್ಮನ್ನು ಕಾಪಾಡಿರಿ. ಆಮೆನ್.