ಪುಸ್ತಕ ಮುಚ್ಚಿಸಿದ ಮೂರು ನಿಮಿಷ

ವಿಜಯನಗರದ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮುಗಿಸಿ "ಅರ್ಥವಾಯಿತೇ?" ಎಂದೆ. "ಹೂಂ ಮಿಸ್" ಎಂದರು. ಮರುದಿನ ಮೈಟೊಕಾಂಡ್ರಿಯದ ಕೆಲಸವೇನೆಂದು ಕೇಳಿದರೆ ಎರಡೇ ಕೈ ಮೇಲೆದ್ದವು. ತಪ್ಪು ನನ್ನ ಪ್ರಶ್ನೆಯದು. ಓದಿದ್ದು ಪರಿಚಿತವೆನಿಸಿದರೆ ಸಾಕು, ಬಂತೆಂದೇ ಮನಸ್ಸು ನಂಬುತ್ತದೆ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು; ವಾರದ ನಂತರ ಅವರಿಗೆ ನೆನಪಿದ್ದದ್ದು ಶೇ. 42, ಓದಿದ್ದನ್ನು ಒಮ್ಮೆ ನೋಡದೆ ಬರೆದವರಿಗೆ ಶೇ. 56.

ಮುಂದಿನ ಪಾಠದ ಕೊನೆಗೆ ಪುಸ್ತಕ ಮುಚ್ಚಿಸಿ, ನೆನಪಿದ್ದಷ್ಟನ್ನು ಮೂರು ನಿಮಿಷ ಬರೆಸಿದೆ. (ಅಂಕವಿಲ್ಲ ಎಂದ ಮೇಲೆಯೇ ಪೆನ್ನುಗಳು ಓಡಿದ್ದು.) ವೀಕ್ಷಕರು "ಸಮಯ ವ್ಯರ್ಥ" ಎಂದು ಷರಾ ಬರೆದರು. ಎಂದೂ ಬಾಯಿ ಬಿಡದ ಕೊನೆ ಬೆಂಚಿನ ಹುಡುಗಿ ಐದು ಸಾಲು ಬರೆದಿದ್ದಳು. ಕೋಶಪೊರೆ, ಕೋಶಭಿತ್ತಿ ಅದಲುಬದಲಾಗಿದ್ದವು. ಮರುದಿನದ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ.